ಸಾವಕ್ಕನಿಗೊಂದು ವಾಕ್ಯ

ನಾನು ಈ ಊರಿನವಳಲ್ಲ. ಕೆಲಸ ಸಿಕ್ಕಿತೆಂದು ಬಂದವಳು. ಬಸ್ಸಿಳಿದ ಮೊದಲ ದಿನ, ನಿಲ್ದಾಣದಲ್ಲಿ ಮೈಕು ಹಿಡಿದು ವೇಳಾಪಟ್ಟಿ ಓದುತ್ತಿದ್ದ ಮನುಷ್ಯ ನಡುನಡುವೆ ಬರೀ ಬಾಯಿ ಆಡಿಸುತ್ತಿದ್ದ. ಮೈಕು ಕೆಟ್ಟಿರಬೇಕು ಅಂದುಕೊಂಡೆ. ನನ್ನ ಪಕ್ಕ ಕೂತಿದ್ದ ಹೆಂಗಸು ಮಾತ್ರ ಗಂಟು ಬಿಚ್ಚಿ ನಿರಾಳವಾಗಿ ಚುರುಮುರಿ ತಿನ್ನತೊಡಗಿದಳು. ಅವಳ ಬಸ್ಸಿನ ವೇಳೆ ಓದುವಾಗ ದನಿ ಬಂದಿರಲಿಲ್ಲ. ಎಂದಮೇಲೆ ಆ ಬಸ್ಸು ಆ ಹೊತ್ತಿಗೆ ಬರುವುದಿಲ್ಲ ಎಂದು ಅವಳಿಗೆ ತಿಳಿದುಹೋಗಿತ್ತು.

ಈ ಊರಿನಲ್ಲಿ ಬರೆದಿಟ್ಟದ್ದನ್ನು ಗಟ್ಟಿಯಾಗಿ ಓದಿದರೆ ಸುಳ್ಳಿರುವ ಕಡೆ ದನಿ ಬರುವುದಿಲ್ಲ. ಗೊತ್ತಿಲ್ಲದೆ ಊಹಿಸಿ ಬರೆದದ್ದಕ್ಕೂ ಬರುವುದಿಲ್ಲ, ಊಹೆ ಸರಿಯಾಗಿದ್ದರೂ ಅಷ್ಟೇ. ಬಾಯಿಮಾತಿಗೆ ಮಾತ್ರ ಈ ಕಟ್ಟು ಇಲ್ಲ. ಹಾಗಾಗಿ ನಮ್ಮಲ್ಲಿ ಚುನಾವಣೆಗೆ ನಿಂತವರು ಚೀಟಿ ಹಿಡಿಯದೆ ಭಾಷಣ ಮಾಡುತ್ತಾರೆ, ಜನ ಹಿಂದಿನಿಂದ 'ಬರಕೊಂಡು ಬರ್ರಿ' ಎಂದು ಕೂಗುತ್ತಾರೆ. ಮದುವೆಯ ಕರೆಯೋಲೆಯನ್ನು ಬೀಗರ ಮುಂದೆ ಓದಿಸುವುದು ಇಲ್ಲಿನ ಪದ್ಧತಿ. ವರನ ಡಿಗ್ರಿ ಬಂದಾಗ ಓದುವವನ ದನಿ ನಿಂತು, ಎರಡೂ ಕಡೆಯವರು ಸುಮ್ಮನೆ ಎಲೆ ಅಡಿಕೆ ತಟ್ಟೆ ನೋಡುತ್ತ ಕೂತದ್ದನ್ನು ನಾನೇ ಕಂಡಿದ್ದೇನೆ. ಮದುವೆ ನಡೆಯಿತು. ಹುಡುಗ ಒಳ್ಳೆಯವನು. ಕಥೆ ಕಾದಂಬರಿಗಳನ್ನು ಇಲ್ಲಿಯವರು ಮನಸ್ಸಿನೊಳಗೇ ಓದಿಕೊಳ್ಳುತ್ತಾರೆ. ಗಟ್ಟಿಯಾಗಿ ಓದುವುದೆಂದರೆ ಚರಿತ್ರೆ, ಜೀವನಚರಿತ್ರೆ, ರಾಜಕಾರಣ, ವಿಚಾರ. ಇವಕ್ಕೆಂದೇ ಊರ ನಡುವೆ ಒಂದು ದೊಡ್ಡ ಕೋಣೆಯಿದೆ. ಅದನ್ನು ಓದಿನ ಮನೆ ಎನ್ನುತ್ತಾರೆ. ನಾನು ಅದರ ಕಾರ್ಯದರ್ಶಿ.

ನನ್ನ ಕೆಲಸ ಶಿಫಾರಸು ಮಾಡುವುದು. ವರ್ಷಕ್ಕೆ ಒಂದಿಷ್ಟು ಪುಸ್ತಕಗಳನ್ನು ಆರಿಸಿ, ಸಂಜೆ ಸಂಜೆ ಜನರ ಮುಂದೆ ಓದಿ, ದನಿ ನಿಲ್ಲದೆ ದಾಟಿದವುಗಳಿಗೆ ನನ್ನ ಕೈಯಿಂದ ಒಂದು ಪುಟ ಬರೆದು ಮೊದಲ ಹಾಳೆಯಾಗಿ ಅಂಟಿಸಬೇಕು: ಇದನ್ನು ಯಾಕೆ ಓದಬೇಕು, ಹೇಗೆ ಓದಬೇಕು. ಆ ಪುಟವನ್ನೂ ಸಭೆಯಲ್ಲಿ ಓದಬೇಕು. ಅದಕ್ಕೂ ದನಿ ಬಂದರೆ ಪುಸ್ತಕ ಶಾಲೆಗಳಿಗೆ ಹೋಗುತ್ತದೆ, ಓಣಿ ಓಣಿಗೆ ಹೋಗುತ್ತದೆ. ರೈಲುಹಳಿ ಹಾಕಿದ ಕೂಲಿಗಳ ಚರಿತ್ರೆಯನ್ನು ಹೀಗೆ ಶಿಫಾರಸು ಮಾಡಿದೆ. ಮತ ಹಾಕುವುದೆಂದರೆ ಏನು ಎಂದು ವಿಚಾರ ಮಾಡಿದ ಒಂದು ತೆಳು ಪುಸ್ತಕವನ್ನೂ ಶಿಫಾರಸು ಮಾಡಿದೆ, ಅದನ್ನು ತರಕಾರಿ ಮಾರುವವರೂ ಕೊಂಡರು. ಹೊಗಳಿಕೆಯ ಮಾತು ನಾನು ಬರೆಯುವುದಿಲ್ಲ. ಓದಿದವರಿಗೆ ಆ ಪುಸ್ತಕ ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಬಿಡುತ್ತದೆ, ಅಷ್ಟನ್ನೇ ಬರೆಯುತ್ತೇನೆ. ಈ ಕೆಲಸ ನನಗೆ ಬರುತ್ತದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ವರ್ಷ ಬಂದ ಪುಸ್ತಕ ಚನ್ನವೀರಪ್ಪ ಕೋರಿಯವರ ಜೀವನಚರಿತ್ರೆ. ನಾನು ಇಲ್ಲಿಗೆ ಬರುವುದಕ್ಕೆ ಬಹಳ ಮೊದಲೇ ಅವರು ಪುರಸಭೆಯ ಅಧ್ಯಕ್ಷರಾಗಿದ್ದರು, ಊರಿಗೆ ನಲ್ಲಿ ನೀರು ತಂದವರು. ಬರೆದವರು ಪ್ರಹ್ಲಾದ ಗಲಗಲಿ, ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಈ ಊರಿನಲ್ಲಿ ಅವರಷ್ಟು ಚೊಕ್ಕವಾಗಿ ಬರೆಯುವವರು ಯಾರೂ ಇಲ್ಲ. ಅವರ ಯಾವ ಪುಸ್ತಕದಲ್ಲೂ, ಯಾವ ವಾಕ್ಯದಲ್ಲೂ ಇಂದಿನವರೆಗೆ ದನಿ ನಿಂತದ್ದಿಲ್ಲ. ಖರ್ಚು ಹಾಕಿ ಅಚ್ಚು ಮಾಡಿಸಿದವರು ಅಧ್ಯಕ್ಷರ ಮಗ ಗುರುಸಿದ್ದಪ್ಪ ಕೋರಿ, ಸಿಮೆಂಟ್ ಅಂಗಡಿಯವರು. ಓದಿನ ಮನೆಯ ಸಮಿತಿಗೂ ಅವರೇ ಅಧ್ಯಕ್ಷರು.

ಮೂರು ಸಂಜೆ ಓದಿದೆ. ಕೋಣೆ ತುಂಬಿತ್ತು, ಕಿಟಕಿಯ ಕಟ್ಟೆಯ ಮೇಲೂ ಜನ ಕೂತಿದ್ದರು. ಹೊಳೆಯಿಂದ ಪೈಪು ಎಳೆದದ್ದು, ಗುಡ್ಡದ ಮೇಲೆ ಟಾಕಿ ಕಟ್ಟಿದ್ದು, ಸರಕಾರದಿಂದ ಹಣ ತರಲು ಚನ್ನವೀರಪ್ಪನವರು ಆಫೀಸಿನಿಂದ ಆಫೀಸಿಗೆ ಅಲೆದದ್ದು, ಎಲ್ಲ ಬಂತು. ಎಲ್ಲವೂ ದನಿಯೊಡನೆ ಬಂತು. ಕೊನೆಯ ಸಾಲು ಮುಗಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಗುರುಸಿದ್ದಪ್ಪನವರು ಕಣ್ಣೊರೆಸಿಕೊಂಡರು, ಓದಿನ ಮನೆಯ ಸೋರುವ ಚಾವಣಿಯನ್ನು ತಾವೇ ಹೊಸದಾಗಿ ಮಾಡಿಸುವುದಾಗಿ ಹೇಳಿದರು. ಗಲಗಲಿ ಸರ್ ಮೂಲೆಯಲ್ಲಿ ಕೈಕಟ್ಟಿಕೊಂಡು ಕೂತಿದ್ದರು. ಅವರ ಮುಖದಲ್ಲಿ ಒಳ್ಳೆಯ ಬಡಗಿ ತಾನು ಕೂಡಿಸಿದ ಬಾಗಿಲನ್ನು ನೋಡುವಾಗಿನ ಸಮಾಧಾನವಿತ್ತು.

ಮರುದಿನ ಮಧ್ಯಾಹ್ನ ಎಂದಿನಂತೆ ಫಕ್ಕೀರವ್ವನ ಖಾನಾವಳಿಗೆ ಊಟಕ್ಕೆ ಹೋದೆ. ಫಕ್ಕೀರವ್ವನಿಗೆ ಆಗ ಎಪ್ಪತ್ತರ ಮೇಲಾಗಿತ್ತು. ಒಂದು ಕಾಲಕ್ಕೆ ಅರಳೆ ಓಣಿಯಿಂದ ಪುರಸಭೆಗೆ ಆರಿಸಿ ಬಂದವಳು, ಈಗ ಊರಿನ ಅರ್ಧ ನೌಕರರಿಗೆ ಅನ್ನ ಹಾಕುವವಳು. ದನಿ ಎತ್ತಿ ಮಾತಾಡುವುದು, ಯಾರ ತಟ್ಟೆಯಲ್ಲಿ ಏನು ಉಳಿಯಿತು ಎಂದು ಬೈಯುವುದು ಅವಳ ಹಕ್ಕು. ಅವಳ ಜೊತೆ ರೇಣವ್ವ ಇರುತ್ತಾಳೆ. ಫಕ್ಕೀರವ್ವ ಹೆತ್ತ ಮಗಳಲ್ಲ, ಸಾಕಿದ ಮಗಳು. ಅಂದು ಫಕ್ಕೀರವ್ವ ತಾನೇ ರೊಟ್ಟಿ ತಂದು ಬಡಿಸಿ, ಎದುರಿಗೆ ಕೂತಳು.

"ನಿಮ್ಮ ದನಿ ಚೊಲೋ ಐತಿ, ಅಕ್ಕೋರ. ಮೂರು ದಿನಾ ಕೂತು ಕೇಳಿದೆ. ಎಲ್ಲೂ ನಿಲ್ಲಲಿಲ್ಲ."

ಪುಸ್ತಕ ಖರೇ ಇದ್ದರೆ ದನಿ ಯಾಕೆ ನಿಲ್ಲುತ್ತದೆ ಎಂದೆ.

"ಖರೇನ ಐತಿ," ಎಂದಳು. "ಆದ್ರ ನಾವು ಅದರಾಗ ಎಲ್ಲಿ ಬಂದ್ವಿ?"

ನನಗೆ ಅರ್ಥವಾಗಲಿಲ್ಲ. ಅವಳು ನನ್ನ ಚೀಲದಿಂದ ಪುಸ್ತಕ ತೆಗೆಸಿ, ನೀರಿನ ನಿರ್ಣಯ ಆದ ಪುಟ ತೋರಿಸೆಂದಳು. ತೆಗೆದೆ. ಅಲ್ಲಿ ಹೀಗಿತ್ತು: ಆ ವರ್ಷದ ಬೇಸಿಗೆ ಕಠಿಣವಾಗಿತ್ತು. ನೀರಿನ ಕುರಿತು ಊರಿನಲ್ಲಿ ಅಸಮಾಧಾನವಿತ್ತು. ವೈಶಾಖ ಹುಣ್ಣಿಮೆಯ ಮರುದಿನ ಚನ್ನವೀರಪ್ಪನವರು ನಲ್ಲಿ ಯೋಜನೆಯ ನಿರ್ಣಯಕ್ಕೆ ಸಹಿ ಹಾಕಿದರು.

ಫಕ್ಕೀರವ್ವ ಬೆರಳಿಟ್ಟು ಎರಡನೆಯ ವಾಕ್ಯದ ಮೇಲೆ ನಿಲ್ಲಿಸಿದಳು. "ಅಸಮಾಧಾನ. ಅದರೊಳಗ ಕೂತೀವೇನು ನಾವೆಲ್ಲಾ?"

ಆಮೇಲೆ ಹೇಳಿದಳು. ಆ ಬೇಸಿಗೆಯಲ್ಲಿ ಕೆರೆ ಬತ್ತಿತ್ತು. ಸಿಹಿನೀರಿನ ಬಾವಿಗಳೆಲ್ಲ ಮೇಲಿನ ಓಣಿಗಳಲ್ಲಿದ್ದವು, ಅಲ್ಲಿ ಅರಳೆ ಓಣಿಯ ಕೊಡ ಇಳಿಸಲು ಬಿಡುತ್ತಿರಲಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ದುಡಿಯುವ ಆ ಓಣಿಯ ಹೆಂಗಸರು ಒಂದು ದಿನ ಕೆಲಸ ಬಿಟ್ಟು, ಖಾಲಿ ಕೊಡ ಹಿಡಿದು ಪುರಸಭೆಯ ಮೆಟ್ಟಿಲ ಮೇಲೆ ಹೋಗಿ ಕೂತರು. ನಲ್ಲಿ ಕೊಡುತ್ತೇವೆಂದು ಬರೆದುಕೊಡಿ, ಏಳುತ್ತೇವೆ ಎಂದರು. ಯಾರೂ ಬರೆದುಕೊಡಲಿಲ್ಲ. ಈ ಊರಿನಲ್ಲಿ ಬರೆದುಕೊಟ್ಟ ಮಾತಿನ ತೂಕ ಎಲ್ಲರಿಗೂ ಗೊತ್ತು. ಮೂರನೆಯ ದಿನ ಪೊಲೀಸರು ಬಂದರು, ಏಳದವರನ್ನೆಲ್ಲ ಒಯ್ದು ಠಾಣೆಯ ಒಂದೇ ಕೋಣೆಯಲ್ಲಿ ತುಂಬಿದರು. ಅವರಲ್ಲಿ ಸಾವಕ್ಕ ಎಂಬವಳು ತುಂಬು ಬಸುರಿ. ಆ ಸೆಕೆಯಲ್ಲಿ, ನೀರಿಲ್ಲದೆ, ಅವಳಿಗೆ ಹೊಟ್ಟೆನೋವು ಹತ್ತಿತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕೂಸು ಹೋಗಿತ್ತು, ಮರುದಿನ ಅವಳೂ ಹೋದಳು. ಹುಣ್ಣಿಮೆಯ ದಿನ ಮಣ್ಣು ಮಾಡಿದರು. ಊರಿಗೆ ಊರೇ ಹೋಗಿತ್ತು. ಅಧ್ಯಕ್ಷರು ಸಹಿ ಹಾಕಿದ್ದು ಅದರ ಮರುದಿನ.

"ನಮ್ಮನ್ನೆಲ್ಲಾ ಮೆಟ್ಟಿಲ ಮ್ಯಾಲ ಕೂಡಿಸಿದಾಕಿ ಸಾವಕ್ಕ," ಎಂದಳು ಫಕ್ಕೀರವ್ವ. "ಆಕಿ ಇರಲಿಲ್ಲಂದ್ರ ಈ ಊರಿಗೆ ನೀರಿಲ್ಲ. ನನ್ನ ಹೆಸರು ಬ್ಯಾಡ. ಆಕಿದು ಬರೀರಿ."

ಒಳಗೆ ಒಲೆಯ ಮುಂದೆ ರೇಣವ್ವ ಕೂತಿದ್ದಳು. ಅವಳು ಸಾವಕ್ಕನ ಮೊದಲ ಮಗಳು ಎಂದು ನನಗೆ ಆವತ್ತು ತಿಳಿಯಿತು.

ಸಂಜೆ ಗಲಗಲಿ ಸರ್ ಮನೆಗೆ ಹೋದೆ. ಅವರು ವರಾಂಡದಲ್ಲಿ ಕೂತು ಪೆನ್ನುಗಳಿಗೆ ಶಾಯಿ ತುಂಬಿಸುತ್ತಿದ್ದರು. ಸಾವಕ್ಕನ ಹೆಸರು ಹೇಳಿದೊಡನೆ ಅವರ ಕೈ ನಿಂತಿತು. ನನಗೆ ಗೊತ್ತಿಲ್ಲ ಎಂದು ಅವರು ಹೇಳಲಿಲ್ಲ. ಠಾಣೆಯ ವಿಷಯ ಗೊತ್ತು, ಮಣ್ಣಿನ ದಿನವೂ ಗೊತ್ತು ಎಂದರು. ಸೇರಿಸಿದ್ದರೆ ಗುರುಸಿದ್ದಪ್ಪ ಪುಸ್ತಕ ಅಚ್ಚು ಹಾಕಿಸುತ್ತಿರಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಬಿಡೂದು ಸುಳ್ಳಲ್ಲ, ವನಮಾಲಾ ಅವರ," ಎಂದರು. "ಬಿಡದ ಯಾರೂ ಪುಸ್ತಕ ಬರೀಲಿಕ್ಕೆ ಆಗೂದಿಲ್ಲ. ಚನ್ನವೀರಪ್ಪನವರು ದಿನಾ ಏನು ಉಂಡರು ಅಂತ ನಾ ಬರದೀನೇನು? ಅದನ್ನೂ ಬಿಟ್ಟೀನಿ."

"ಆ ಊಟದಾಗ ಯಾರೂ ಸತ್ತಿಲ್ರಿ, ಸರ್."

ಅವರು ಶಾಯಿಯ ಬಾಟಲಿಯ ಮುಚ್ಚಳ ಹಾಕಿದರು. ಹಾಗಾದರೆ ತಮ್ಮ ಪುಸ್ತಕದಲ್ಲಿ ಒಂದು ಸುಳ್ಳು ತೋರಿಸಿ ಎಂದರು. ತೋರಿಸಲಾಗುವುದಿಲ್ಲ ಎಂದೆ. ಅದು ನಿಜವೇ ಆಗಿತ್ತು. ಈ ಊರಿನವರು ತಲೆಮಾರುಗಳಿಂದ ಸುಳ್ಳು ಬರೆಯದಿರುವುದನ್ನು ಕಲಿತುಕೊಂಡಿದ್ದರು, ಅದರ ಜೊತೆಗೇ ಸುಳ್ಳಿಲ್ಲದೆ ಮರೆಮಾಚುವುದನ್ನೂ ಕಲಿತಿದ್ದರು. ದನಿ ಬಂತೆಂದರೆ ಮುಗಿಯಿತು, ಯಾರೂ ಮುಂದೆ ಕೇಳುತ್ತಿರಲಿಲ್ಲ. ಮೂರು ಸಂಜೆ ಓದಿದ ನಾನೂ ಕೇಳಿರಲಿಲ್ಲ. ದಾರಿಯಲ್ಲಿ ನಡೆದು ಬರುವಾಗ ನನಗೆ ಸಿಟ್ಟು ಬಂದದ್ದು ಗಲಗಲಿಯವರ ಮೇಲಲ್ಲ, ಆ ಚಪ್ಪಾಳೆಯ ಮೇಲೆ.

ಸಮಿತಿಯಲ್ಲಿ ಮಾತೆತ್ತಿದೆ. ಗುರುಸಿದ್ದಪ್ಪನವರು ಭಾರಿ ಆಳು, ಮಾತು ಮೆಲ್ಲಗೆ. ದನಿ ಎಲ್ಲಾದರೂ ನಿಂತಿದ್ದರೆ ನಾನೇ ಪುಸ್ತಕ ಹಿಂದೆ ತೆಗೆದುಕೊಳ್ಳುತ್ತಿದ್ದೆ, ನಿಲ್ಲದ ಪುಸ್ತಕವನ್ನು ತಿರಸ್ಕರಿಸಿದ ಉದಾಹರಣೆ ಓದಿನ ಮನೆಯಲ್ಲಿ ಇಲ್ಲ ಎಂದರು. ಅವರ ಮಾತು ಸರಿಯಾಗಿತ್ತು. ತಿರಸ್ಕರಿಸುವ ಇಚ್ಛೆ ನನಗೂ ಇರಲಿಲ್ಲ. ಪೈಪಿನ ಬಗ್ಗೆ, ಹಣದ ಬಗ್ಗೆ, ಒಬ್ಬ ಮನುಷ್ಯ ಆಫೀಸುಗಳಲ್ಲಿ ಹೇಗೆ ಸವೆಯುತ್ತಾನೆ ಎಂಬ ಬಗ್ಗೆ ಅಷ್ಟು ಒಳ್ಳೆಯ ಪುಸ್ತಕವನ್ನು ನಾನು ಓದಿರಲಿಲ್ಲ. ಜನ ಅದನ್ನು ಓದಬೇಕು. ಆದರೆ ಶಿಫಾರಸಿನ ಪುಟ ನನ್ನದು. ಅದರಲ್ಲಿ ಏನು ಬರೆಯಬೇಕೆಂದು ಹೇಳುವ ಹಕ್ಕು ಸಮಿತಿಗಿಲ್ಲ. ಹಾಗೆಂದೇ ಹೇಳಿ ಎದ್ದುಬಂದೆ.

ಬರೆದೆ. ಅರಳೆ ಓಣಿಗೆ ಹೋಗಿ, ಆ ದಿನ ಮೆಟ್ಟಿಲ ಮೇಲೆ ಕೂತಿದ್ದವರಲ್ಲಿ ಇನ್ನೂ ಬದುಕಿದ್ದ ಮುದುಕಿಯರನ್ನು ಕಂಡು, ಕೇಳಿ ಕೇಳಿ ಬರೆದೆ. ಸಾವಕ್ಕನ ಮಾತು ಬಂದಾಗ ಎಲ್ಲರೂ ಫಕ್ಕೀರವ್ವ ಹೇಳಿದ್ದನ್ನೇ ಹೇಳಿದರು. ಒಂದು ಮಧ್ಯಾಹ್ನ ಓದಿನ ಮನೆಯಲ್ಲಿ ಯಾರೂ ಇಲ್ಲದಾಗ ಪುಟವನ್ನು ಹಿಡಿದು ಓದಿ ನೋಡಿದೆ. ಕೆರೆ ಬತ್ತಿದ್ದು ಬಂತು. ಖಾಲಿ ಕೊಡಗಳು ಬಂದವು. ಠಾಣೆಯ ಕೋಣೆ ಬಂತು. 'ಹೆಂಗಸರನ್ನು ಮೆಟ್ಟಿಲ ಮೇಲೆ ಕೂರಿಸಿದವಳು ಸಾವಕ್ಕ' ಎಂಬಲ್ಲಿ ನನ್ನ ದನಿ ನಿಂತುಹೋಯಿತು.

ನೀರು ಕುಡಿದು ಮತ್ತೆ ಓದಿದೆ. ತುಟಿ ಆಡಿತು, ಅಷ್ಟೇ. ವಾಕ್ಯವನ್ನು ತಿರುಗಿಸಿ ಬರೆದೆ. 'ಸಾವಕ್ಕನ ಮುಂದಾಳತ್ವದಲ್ಲಿ' ಎಂದು ಬರೆದೆ, 'ಸಾವಕ್ಕ ಮೊದಲಾದವರು' ಎಂದು ಬರೆದೆ. ಬರಲಿಲ್ಲ. ಬೇರೆಯವರ ಪುಸ್ತಕಗಳಲ್ಲಿ ದನಿ ನಿಂತಾಗ ನನಗೆ ಒಳಗೊಳಗೇ ಒಂದು ಗೆಲುವಿನ ಭಾವ ಇರುತ್ತಿತ್ತು. ನನ್ನದೇ ಅಕ್ಷರದ ಮುಂದೆ ಹಾಗೆ ಮೂಕಿಯಾಗಿ ನಿಂತಾಗ ಆ ಭಾವ ಉಳಿಯಲಿಲ್ಲ. ಆದರೂ ಆ ವಾಕ್ಯ ಬಿಟ್ಟು ಉಳಿದದ್ದನ್ನು ಅಂಟಿಸಿಬಿಡೋಣ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಹಾಗೆ ಮಾಡಿದರೆ ನಾನೂ ಗಲಗಲಿಯವರ ಹಾಗೆಯೇ ಬಿಟ್ಟಂತಾಗುತ್ತಿತ್ತು. ಪುಟ ಮಡಚಿಕೊಂಡು ಖಾನಾವಳಿಗೆ ಹೋದೆ.

ಊಟದ ಹೊತ್ತು ಮುಗಿಯುತ್ತ ಬಂದಿತ್ತು. ಹೊರಗಿನ ಮೇಜಿನಲ್ಲಿ ಗಲಗಲಿ ಸರ್ ಒಬ್ಬರೇ ಉಣ್ಣುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರ ಊಟವೂ ಅಲ್ಲಿಯೇ. ಅವರಿಗೆ ನಮಸ್ಕಾರ ಹೇಳಿ ಅಡಿಗೆಮನೆಗೆ ನಡೆದೆ. ಫಕ್ಕೀರವ್ವ ರೊಟ್ಟಿ ಬಡಿಯುತ್ತಿದ್ದಳು, ರೇಣವ್ವ ಸುಡುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಫಕ್ಕೀರವ್ವ ನನ್ನ ಕೈಯಲ್ಲಿದ್ದ ಪುಟ ನೋಡಿದಳು.

"ನಿಂತಿತೇನು?"

ನಿಂತಿತು ಎಂದೆ.

ಅವಳು ಕೈ ಮೇಲಿನ ಹಿಟ್ಟು ಉದುರಿಸಿಕೊಂಡಳು. ಆ ಹೊತ್ತಿಗೆ ಸರಿಯಾಗಿ ಒಂದು ಸುಳ್ಳು ಹೇಳಿದ್ದರೆ ನಾನು ನಂಬುತ್ತಿದ್ದೆನೋ ಏನೋ, ಆದರೆ ಅವಳು ಹೇಳಲಿಲ್ಲ. ರೇಣವ್ವನ ಕಡೆ ಒಮ್ಮೆ ನೋಡಿ, ನೆಲ ನೋಡುತ್ತ ಹೇಳಿದಳು. ಹೆಂಗಸರನ್ನು ಕೂರಿಸಿದವಳು ತಾನು. ಮಿಲ್ಲಿನಿಂದ ಎಬ್ಬಿಸಿಕೊಂಡು ಬಂದವಳು ತಾನು, ಬರೆದುಕೊಡಿ ಎಂದು ಕೂಗಿದವಳು ತಾನು. ಸಾವಕ್ಕ ಪಕ್ಕದ ಮನೆಯವಳು. ಮಿಲ್ಲಿಗೂ ಹೋಗುತ್ತಿರಲಿಲ್ಲ. ಮೂರನೆಯ ದಿನ ಫಕ್ಕೀರವ್ವನ ಕೂಸು ಮನೆಯಲ್ಲಿ ಅಳುತ್ತಿದೆ ಎಂದು ಕರೆಯಲು ಬಂದಿದ್ದಳು. ಸ್ವಲ್ಪ ಕೂಡು, ಇಬ್ಬರೂ ಕೂಡೇ ಹೋಗೋಣ ಎಂದಳು ಫಕ್ಕೀರವ್ವ. ಸಾವಕ್ಕ ಕೂತಳು. ಅಷ್ಟರಲ್ಲಿ ಪೊಲೀಸರು ಬಂದರು. ಆಕೆ ಸತ್ತ ಮೇಲೆ, ಮುಂದೆ ನಿಂತವಳು ಆಕೆಯೇ ಎಂದು ಫಕ್ಕೀರವ್ವ ಓಣಿಯಲ್ಲೆಲ್ಲ ಹೇಳಿದಳು. ಉಳಿದವರು ಯಾರೂ ಅಲ್ಲವೆನ್ನಲಿಲ್ಲ. ಹೇಳುತ್ತ ಹೇಳುತ್ತ ಅವರಿಗೂ ಅದೇ ನೆನಪಾಗಿ ಉಳಿಯಿತು.

"ಕೂಡು ಅಂದಾಕಿ ನಾನು," ಎಂದಳು. "ಆಕಿ ಮಗಳಿಗೆ ನಾ ಏನ್ ಹೇಳಲಿ? ನಿಮ್ಮವ್ವ ಮುಂದಾಳಾಗಿದ್ಲು ಅಂದ್ರ ಆ ಸಾವಿಗೆ ಒಂದು ಅರ್ಥ ಇರತೈತಿ. ಕರಿಯಾಕ ಬಂದಾಕಿ ಸತ್ಲು ಅಂದ್ರ ಅದೇನ್ ಸಾವು, ಅಕ್ಕೋರ? ಅದನ್ನ ಬರಿಯೂದಾದ್ರ ಏನೂ ಬರೀಬ್ಯಾಡ್ರಿ. ಹರದು ಹಾಕ್ರಿ ಆ ಹಾಳಿ."

ರೇಣವ್ವ ಹಂಚಿನ ಮೇಲಿನ ರೊಟ್ಟಿ ತೆಗೆಯಲಿಲ್ಲ. ಅದು ಕರಕಾಯಿತು. ಅವಳಿಗೆ ಐವತ್ತರ ಹತ್ತಿರ ವಯಸ್ಸು. ತಾಯಿಯ ಮುಖ ನೆನಪಿಲ್ಲ. ತಾಯಿಯ ಬಗ್ಗೆ ಅವಳ ಬಳಿ ಇದ್ದದ್ದು ಆ ಒಂದು ಮಾತು, ಅದೂ ಈಗ ಕೈಬಿಟ್ಟಿತ್ತು. ಆಗ ಬಾಗಿಲಲ್ಲಿ ನೆರಳು ಬಿತ್ತು. ಗಲಗಲಿ ಸರ್ ಎಂಜಲು ಕೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಹೊರಗೆ ಹೋಗಿ ಎಂದು ಫಕ್ಕೀರವ್ವ ಹೇಳಬಹುದಿತ್ತು. ಅವಳಿಗೆ ಆ ಶಕ್ತಿಯೂ ಉಳಿದಿರಲಿಲ್ಲ. ಅವರು ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ಕೇಳಿದರು.

"ಪೊಲೀಸರು ಬಂದು ಏನಂದರು? ಮೊದಲನೇ ಮಾತು."

ಫಕ್ಕೀರವ್ವ ತಲೆ ಎತ್ತಿದಳು. ಎಲ್ಲರೂ ಏಳಿರಿ, ಎದ್ದವರನ್ನು ಮನೆಗೆ ಬಿಡುತ್ತೇವೆ ಎಂದರು ಎಂದಳು. ಕೆಲವರು ಎದ್ದು ಹೋದರು, ಹೆದರಿದ್ದರು, ಅವರದು ತಪ್ಪಲ್ಲ ಎಂದಳು.

"ಸಾವಕ್ಕಗ ಏನಂದರು?"

"ಫೌಜದಾರ ಆಕಿ ಹೊಟ್ಟಿ ನೋಡಿದ. ಬಸುರಿ ಇದ್ದೀ, ನೀ ಹೋಗವಾ ಅಂದ. ದಾರಿ ಬಿಡಿಸಿಕೊಟ್ಟ."

"ಆಕಿ?"

ಇಷ್ಟು ವರ್ಷ ಫಕ್ಕೀರವ್ವ ತಾನು 'ಕೂಡು' ಎಂದದ್ದನ್ನೇ ನೆನೆಯುತ್ತ ಬಂದಿದ್ದಳು, ಅದರ ಆಚೆ ನಡೆದದ್ದನ್ನು ಯಾರೂ ಕೇಳಿರಲಿಲ್ಲ.

"ಹೋಗಲಿಲ್ಲ," ಎಂದಳು ಕೊನೆಗೆ. "ನಾನೂ ಹೋಗಂದೆ. ಕೊಡ ಮಡಿಲಾಗ ಇಟ್ಟಕೊಂಡು ಕೂತಳು. ಏಳಲಿಲ್ಲ."

ನಾನು ಅಲ್ಲಿಯೇ ಹಿಟ್ಟಿನ ಡಬ್ಬಿಯ ಮೇಲೆ ಪುಟ ಇಟ್ಟು, ನಿಂತುಹೋದ ವಾಕ್ಯವನ್ನು ಹೊಡೆದು ಹಾಕಿದೆ. ಫಕ್ಕೀರವ್ವ ಹೇಳಿದ ಹಾಗೆಯೇ ಮೊದಲಿನಿಂದ ಬರೆದೆ. 'ಆದರೂ ಸಾವಕ್ಕ ಧೈರ್ಯದಿಂದ ಅಲ್ಲಿಯೇ ಕೂತಳು' ಎಂಬಲ್ಲಿಗೆ ಬಂದಾಗ ಕತ್ತು ಚಾಚಿ ನೋಡುತ್ತಿದ್ದ ಗಲಗಲಿ ಸರ್ ತಡೆದರು.

"ಧೈರ್ಯ ತಗೀರಿ. ಆಕಿ ಹೆದರಿದ್ದಳೋ ಏನೋ, ನಿಮಗೇನು ಗೊತ್ತು? ದನಿ ನಿಲ್ಲತದ. 'ಆದರೂ' ಅನ್ನೂದೂ ಬ್ಯಾಡ. ಏನಾತು ಅಷ್ಟೇ ಬರೀರಿ."

ತೆಗೆದೆ. ಉಳಿದದ್ದು ಇಷ್ಟು: 'ಸಾವಕ್ಕ ಕರೆಯಲು ಬಂದವಳು. ಬಸುರಿ ಇದ್ದೀ, ನೀನು ಹೋಗು ಎಂದು ಫೌಜದಾರರು ದಾರಿ ಬಿಡಿಸಿಕೊಟ್ಟರು. ಅವಳು ಎದ್ದು ಹೋಗಲಿಲ್ಲ.'

ಗಟ್ಟಿಯಾಗಿ ಓದಿದೆ. ದನಿ ಬಂತು. ಸಣ್ಣ ಅಡಿಗೆಮನೆ, ಗೋಡೆಗೆ ತಾಕಿ ತಿರುಗಿ ಬಂದ ಹಾಗಿತ್ತು. ಫಕ್ಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಕೆನ್ನೆಗೆಲ್ಲ ಹಿಟ್ಟು ಮೆತ್ತಿತು. ನಾನು ರೇಣವ್ವನ ಕಡೆ ನೋಡಿದೆ. ಈ ಪುಟ ಹೋಗಬೇಕೋ ಬೇಡವೋ ಎಂದು ಹೇಳಬೇಕಾದವಳು ಅವಳೇ ಎಂದು ನಮಗೆ ಮೂವರಿಗೂ ಗೊತ್ತಿತ್ತು. ಅವಳು ಕರಕಾದ ರೊಟ್ಟಿಯನ್ನು ಇಕ್ಕಳದಿಂದ ತೆಗೆದು ಪಕ್ಕಕ್ಕೆ ಹಾಕಿದಳು.

"ಇನ್ನೊಮ್ಮೆ ಓದ್ರಿ," ಎಂದಳು.

ಓದಿದೆ. ಅವಳು ಕೊನೆಯ ವಾಕ್ಯವನ್ನು ನನ್ನ ಜೊತೆ ತಾನೂ ತುಟಿಯಲ್ಲಿ ಹೇಳಿಕೊಂಡಳು. ಆಮೇಲೆ ಅದನ್ನು ಅಂಟಿಸಿ ಎಂದಳು. ಫಕ್ಕೀರವ್ವನ ಹೆಸರನ್ನೂ ಹಾಕಬೇಕು, ಯಾರು ಕೂರಿಸಿದರು ಎಂದು ಬರೆಯದೆ ಬಿಡಕೂಡದು ಎಂದಳು. ಫಕ್ಕೀರವ್ವ ಬೇಡವೆಂದು ಕೈ ಆಡಿಸಿದಳು. ರೇಣವ್ವ ಅವಳ ಮಾತು ಕೇಳಲಿಲ್ಲ, ಹೊಸ ರೊಟ್ಟಿ ಹಂಚಿಗೆ ಹಾಕಿದಳು.

ಗುರುಸಿದ್ದಪ್ಪನವರಿಗೆ ತಿಳಿಸದೆ ಸಭೆಯಲ್ಲಿ ಓದುವುದು ನನಗೆ ಸರಿ ಕಾಣಲಿಲ್ಲ. ಮೊದಲೇ ಅವರ ಅಂಗಡಿಗೆ ಹೋಗಿ ಪುಟ ಕೊಟ್ಟೆ. ಅವರು ಮನಸ್ಸಿನೊಳಗೇ ಓದಿಕೊಂಡರು. ಮುಖ ಕಪ್ಪಿಟ್ಟಿತು. ಇದನ್ನು ಅಂಟಿಸಿದರೆ ಮಕ್ಕಳು ತಮ್ಮ ತಂದೆಯ ಪುಸ್ತಕ ತೆರೆಯುವ ಮೊದಲೇ ಒಂದು ಹೆಣ ನೋಡಬೇಕಾಗುತ್ತದೆ ಎಂದರು. ಹೌದು ಎಂದೆ. ಬೇಡವೆಂದರೆ ನಾನು ಓದುವುದಿಲ್ಲ, ಆದರೆ ಆಗ ಶಿಫಾರಸೂ ಇಲ್ಲ ಎಂದೆ. ಅವರು ಪುಟವನ್ನು ಮೇಜಿನ ಮೇಲೆ ಇಟ್ಟು, ಮೆಲ್ಲಗೆ ನನ್ನ ಕಡೆ ಸರಿಸಿದರು.

"ಓದ್ರಿ, ಅಕ್ಕೋರ. ಆದ್ರ ಮುಂದಿನ ವರ್ಷ ನೀವು ಆ ಕುರ್ಚಿ ಮ್ಯಾಲ ಇರೂದಿಲ್ಲ."

ಆಗಲಿ ಎಂದು ಹೇಳಿ ಬಂದೆ. ಭಯವಾಗಲಿಲ್ಲ ಎಂದರೆ ಜಂಬದ ಮಾತಾದೀತು, ಆದರೆ ನಿದ್ದೆ ಚೆನ್ನಾಗಿಯೇ ಬಂತು.

ಶಿಫಾರಸಿನ ದಿನ ಅರಳೆ ಓಣಿಯಿಂದ ಹೆಂಗಸರು ಬಂದರು. ಮೊದಲು ಅವರು ಓದಿನ ಮನೆಗೆ ಬಂದದ್ದು ಕಡಿಮೆ. ನೆಲದ ಮೇಲೆ, ಬಾಗಿಲಿನವರೆಗೆ ಕೂತರು. ಫಕ್ಕೀರವ್ವ ಮುಂದಿನ ಸಾಲಿನ ಕುರ್ಚಿಯಲ್ಲಿದ್ದಳು, ಪಕ್ಕದಲ್ಲಿ ರೇಣವ್ವ. ಗುರುಸಿದ್ದಪ್ಪನವರು ವೇದಿಕೆಯ ಮೇಲೆ ನನ್ನ ಬಲಕ್ಕೆ ಕೂತು ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ನಾನು ಪುಟ ಹಿಡಿದು ನಿಂತೆ.

'ಈ ಪುಸ್ತಕವನ್ನು ಓದಿರಿ,' ಎಂದು ಅದರ ಆರಂಭ. 'ನಮ್ಮ ಊರಿಗೆ ನೀರು ಯಾವ ದಾರಿಯಿಂದ ಬಂತು, ಅದಕ್ಕಾಗಿ ಒಬ್ಬ ಮನುಷ್ಯ ಎಷ್ಟು ಬಾಗಿಲು ತಟ್ಟಿದ ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ. ಓದುತ್ತ ಹೋದಾಗ ನಡುವೆ ಅಸಮಾಧಾನ ಎಂಬ ಒಂದು ಪದ ಬರುತ್ತದೆ. ಅಲ್ಲಿ ನಿಲ್ಲಿರಿ. ಆ ಪದದೊಳಗೆ ಜನರಿದ್ದಾರೆ.' ಆಮೇಲೆ ಬಾವಿಗಳು, ಕೊಡಗಳು, ಮೆಟ್ಟಿಲು. ಹೆಂಗಸರನ್ನು ಅಲ್ಲಿ ಕೂರಿಸಿದವಳು ಫಕ್ಕೀರವ್ವ. ನನಗೆ ತಿಳಿದುಬಂದ ಎಲ್ಲರ ಹೆಸರುಗಳು. ಒಂದೊಂದು ಹೆಸರು ಬಂದಾಗಲೂ ನೆಲದ ಮೇಲೆ ಕೂತವರಲ್ಲಿ ಯಾರೋ ಒಬ್ಬರು ಅಲುಗಾಡುತ್ತಿದ್ದರು, ಯಾರದೋ ಅತ್ತೆ, ಯಾರದೋ ಅಜ್ಜಿ. ಕೊನೆಗೆ ಸಾವಕ್ಕ. ಅವಳು ಎದ್ದು ಹೋಗಲಿಲ್ಲ ಎಂಬಲ್ಲಿಯೂ ನನ್ನ ದನಿ ಬಂತು. ಅವಳನ್ನು ಮಣ್ಣು ಮಾಡಿದ ದಿನವೂ, ಸಹಿಯ ದಿನವೂ ಒಂದರ ಹಿಂದೆ ಒಂದು ಬಂದವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಪುಟ ಕೆಳಗಿಟ್ಟೆ. ಆಗ ಗುರುಸಿದ್ದಪ್ಪನವರು ಎದ್ದರು. ಸಭೆ ಮುಗಿಯಿತೆಂದು ಹೇಳುತ್ತಾರೆ, ಇಲ್ಲವೇ ಪುಸ್ತಕಗಳ ಕಟ್ಟನ್ನೇ ಹೊರಿಸಿಕೊಂಡು ಹೋಗುತ್ತಾರೆ ಎಂದುಕೊಂಡೆ. ಅರಳೆ ಓಣಿಯ ಹೆಂಗಸರು ಒಬ್ಬರನ್ನೊಬ್ಬರು ಒತ್ತಿ ಕೂತರು. ಗುರುಸಿದ್ದಪ್ಪನವರು ನನ್ನ ಕಡೆಗೂ ನೋಡಲಿಲ್ಲ, ಹೆಂಗಸರ ಕಡೆಗೂ ನೋಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಗಲಗಲಿಯವರನ್ನು ನೋಡಿದರು. ಕೈಯಲ್ಲಿ ಚೀಟಿ ಇರಲಿಲ್ಲ.

"ಸರ್, ನಿಮ್ಮ ಪುಸ್ತಕ ನಾ ನಾಕು ಸಲ ಓದೀನಿ," ಎಂದರು. "ನಮ್ಮವ್ವನ ಸುದ್ದಿ ಒಂದ ಕಡೆ ಐತಿ, ಹೆಸರಿಲ್ಲ. ಅಪ್ಪನ ಲಗ್ನ ಆತು ಅನ್ನೂ ಕಡೆ."

ಗಲಗಲಿ ಸರ್ ತಲೆಯಾಡಿಸಿದರು.

"ಅಪ್ಪ ಸಹಿ ಮಾಡಿದ ದಿನ ನಾ ಮನ್ಯಾಗ ಇದ್ದೆ. ಸಣ್ಣಾಂವ. ಆ ಹೆಂಗಸಿನ ಮಣ್ಣಿಗೆ ಹೋಗಿ ಬಂದ ಅವ್ವ ಒಲಿ ಹಚ್ಚಲಿಲ್ಲ. ಸಹಿ ಮಾಡೂತನಕ ಈ ಮನ್ಯಾಗ ನೀರೂ ಕಾಸೂದಿಲ್ಲ ಅಂದ್ಲು. ಅಪ್ಪ ಹಸದು ಪುರಸಭೆಗೆ ಹೋದ. ಇದನ್ನ ನಾ ನಿಮಗ ಹೇಳಲಿಲ್ಲ. ಯಾಕ ಹೇಳಲಿಲ್ಲೋ ಗೊತ್ತಿಲ್ಲ." ಅವರು ಅಂಗವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ನಮ್ಮವ್ವನೂ ಬಂದಿಲ್ಲ, ಸರ್, ಈ ಪುಸ್ತಕದಾಗ."

ಕೋಣೆಯಲ್ಲಿ ಯಾರೋ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಫಕ್ಕೀರವ್ವನಿಗೂ ಈ ಸಂಗತಿ ಗೊತ್ತಿರಲಿಲ್ಲ, ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಅವಳು ಮುಂದಿನ ಸಾಲಿನಿಂದ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಎಳೆದು ಗುರುಸಿದ್ದಪ್ಪನವರಿಗೆಂದು ವೇದಿಕೆಯ ಮುಂದೆ ಇಟ್ಟಳು.

ಎರಡನೆಯ ಮುದ್ರಣ ಮೊದಲಿನದಕ್ಕಿಂತ ದಪ್ಪವಾಗಿ ಬಂತು. ನನ್ನ ಕೆಲಸದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ, ಪುಸ್ತಕ ಹೊರಡುವಾಗ ನನ್ನ ಪುಟ ಅದರಲ್ಲಿ ಹಾಗೆಯೇ ಇತ್ತು. ಆದರೆ ಆ ಸಂಜೆ ಇದಾವುದೂ ಇನ್ನೂ ನಡೆದಿರಲಿಲ್ಲ. ಆ ಭಾರಿ ಮನುಷ್ಯ ಎಲ್ಲರ ಮುಂದೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದರು. ಗಲಗಲಿ ಸರ್ ಮೂಲೆಯಿಂದ ಎದ್ದು ಬಂದರು, ಜೇಬಿನಿಂದ ಪೆನ್ನು ತೆಗೆದರು, ಮುಚ್ಚಳ ಬಿಚ್ಚಿದರು.

"ಕೂಡ್ರಿ, ಗುರುಸಿದ್ದಪ್ಪನವರ," ಎಂದರು. "ಅವ್ವನ ಹೆಸರು ಹೇಳ್ರಿ. ಅಲ್ಲಿಂದ ಸುರು ಮಾಡೋಣ."